ಕೂದಲೆಳೆಯಷ್ಟು ಗಿಡ್ಡ ಕೋಲು

ಶಿಷ್ಯ ಕೇಳಿದ: "ಗುರುಗಳೇ, ಹೆಸರುಗಳನ್ನು ಜೋಡಿಸಿಡಲು ಕಂಪ್ಯೂಟರಿನಲ್ಲಿ ಒಂದು ಹ್ಯಾಷ್ ಟೇಬಲ್ ಕಟ್ಟಿದ್ದೇನೆ, ಅಂದರೆ ಯಾವ ಹೆಸರು ಯಾವ ಮನೆಗೆಂದು ಲೆಕ್ಕದಿಂದಲೇ ಗೊತ್ತಾಗುವ ಪಟ್ಟಿ. ಹತ್ತು ಮನೆಗಳಲ್ಲಿ ಏಳು ತುಂಬಬೇಕು, ಆ ಲೆಕ್ಕದಲ್ಲಿ ಎಷ್ಟು ಮನೆ ಬೇಕೆಂದು ಅದು ತಾನೇ ಭಾಗಿಸಿಕೊಳ್ಳುತ್ತದೆ. ಅದೇ ಲೆಕ್ಕಕ್ಕೆ ಗೆಳೆಯನ ಕಂಪ್ಯೂಟರು ಒಂದು ಮನೆ ಹೆಚ್ಚು ಹೇಳುತ್ತಿದೆ. ನಾನಿಟ್ಟ ಹೆಸರು ಅವನಿಗೆ ಸಿಗುತ್ತಿಲ್ಲ. ಎರಡರಲ್ಲಿ ಯಾವುದು ಸರಿ?"

ಗುರುಗಳು ಹೇಳಿದರು:

ಒಂದು ಹೊಳೆಯ ಈ ದಡದಲ್ಲಿ ಅಕ್ಕ, ಆ ದಡದಲ್ಲಿ ತಂಗಿ ನಾಟಿ ಮದ್ದು ಕೊಡುತ್ತಿದ್ದರು. ಯಾವ ಕಾಯಿಲೆಗೆ ಯಾವ ಬೇರು ಎಂಬುದು ಅಕ್ಕನಿಗೆ ಮಾತ್ರ ಗೊತ್ತಿತ್ತು. ತಂಗಿ ಇನ್ನೂ ಕಲಿಯುತ್ತಿದ್ದಳು. ಇಬ್ಬರ ಮನೆಯಲ್ಲೂ ಅವೇ ಬೇರಿನ ಗಂಟುಗಳು, ಪ್ರತಿ ಗಂಟಿಗೂ ಒಂದು ಅಂಕೆ. ಇಡಲು ಸಾಲಾಗಿ ಮರದ ಗೂಡುಗಳು. ಗಂಟಿನ ಅಂಕೆಯಷ್ಟು ಗೂಡು ಎಣಿಸುತ್ತ ಹೋಗಬೇಕು. ಸಾಲು ಮುಗಿದರೆ ಮತ್ತೆ ಮೊದಲಿನಿಂದ ಎಣಿಸಬೇಕು. ಎಣಿಕೆ ನಿಂತಲ್ಲಿ ಗಂಟು ಇಡಬೇಕು.

ಹೊಳೆ ತುಂಬಿ ದೋಣಿ ನಿಂತಾಗ ತಂಗಿ ಒಂದೊಂದು ಕಾಯಿಲೆಗೆ ಒಂದೊಂದು ಬಗೆಯಲ್ಲಿ ಜಾಗಟೆ ಬಾರಿಸಿ ತಿಳಿಸುವಳು. ಮದ್ದು ಎಷ್ಟನೆಯ ಗೂಡಿನಲ್ಲಿದೆಯೋ ಅಷ್ಟು ಪೆಟ್ಟು ಬಾರಿಸಿ ಅಕ್ಕ ಉತ್ತರ ಕೊಡುವಳು.

ಪ್ರತಿ ವರ್ಷ ಹೊಸ ಬೇರು ಬಂದಾಗ ಇಬ್ಬರೂ ಬೇರೆ ಬೇರೆಯಾಗಿ ಗೂಡಿನ ಲೆಕ್ಕ ಮಾಡುತ್ತಿದ್ದರು. ಗಂಟಿಗೊಂದು ಗೇಣಿನಂತೆ ಹಗ್ಗ ಚಾಚಿ, ಗೇಣಿನ ಹತ್ತರಲ್ಲಿ ಏಳು ಪಾಲು ಉದ್ದದ ಕೋಲಿನಿಂದ ಅಳೆಯುವರು. ಕೋಲು ಎಷ್ಟು ಸಲ ಹಿಡಿಸಿತೋ ಅಷ್ಟು ಗೂಡು. ಹಗ್ಗ ಮಿಕ್ಕರೆ ಇನ್ನೊಂದು. ಬಹಳ ವರ್ಷ ಇಬ್ಬರ ಲೆಕ್ಕವೂ ಒಂದೇ ಆಗಿತ್ತು.

ಒಂದು ವರ್ಷ ಇಪ್ಪತ್ತೊಂದು ಗಂಟು ಬಂದವು. ಆ ಮಳೆಗಾಲದಲ್ಲಿ ದೋಣಿಗಾರನಿಗೆ ತಂಗಿಯ ದಡದಲ್ಲಿ ಹಾವು ಕಚ್ಚಿತು. ತಂಗಿ ಜಾಗಟೆ ಬಾರಿಸಿದಳು. ಆಚೆಯಿಂದ ನಾಲ್ಕು ಪೆಟ್ಟು ಕೇಳಿಸಿತು. ನಾಲ್ಕನೆಯ ಗೂಡು ಖಾಲಿ ಇತ್ತು.

ಮತ್ತೆ ಬಾರಿಸಿದಳು. ಮತ್ತೆ ನಾಲ್ಕು.

"ನಾಲ್ಕೇ ತಾಯೀ, ನಾನೂ ಎಣಿಸಿದೆ," ಎಂದ ನೆಲದ ಮೇಲೆ ಮಲಗಿದ್ದ ದೋಣಿಗಾರ.

ತಂಗಿ ಮೂರನೆಯ ಸಲ ಮದ್ದು ಕೇಳಲಿಲ್ಲ. ತನ್ನ ಗೂಡುಗಳನ್ನು ಎಣಿಸಿ ಅಷ್ಟು ಪೆಟ್ಟು ಬಾರಿಸಿದಳು: ಮೂವತ್ತು. ಅದು ಯಾವ ಕಾಯಿಲೆಯ ಬಡಿತವೂ ಅಲ್ಲ, ಗೂಡಿನ ಲೆಕ್ಕವೆಂದು ತಿಳಿದು ಅಕ್ಕ ತನ್ನವನ್ನು ಎಣಿಸಿದಳು. ಮೂವತ್ತೊಂದು. ಹಾವಿನ ಮದ್ದಿನ ಅಂಕೆ ನೂರ ತೊಂಬತ್ತು. ಮೂವತ್ತೊಂದರ ಸಾಲಿನಲ್ಲಿ ಅದು ನಾಲ್ಕಕ್ಕೆ ನಿಲ್ಲುತ್ತದೆ, ಮೂವತ್ತರ ಸಾಲಿನಲ್ಲಿ ಹತ್ತಕ್ಕೆ. ಅಕ್ಕ ಹತ್ತು ಪೆಟ್ಟು ಬಾರಿಸಿದಳು.

ದೋಣಿಗಾರ ಬದುಕಿದ. ಆದರೆ ಮದ್ದು ತಡವಾಗಿತ್ತು. ಅವನ ಒಂದು ಕಾಲು ಸ್ವಾಧೀನ ತಪ್ಪಿತು.

ಹೊಳೆ ಇಳಿದ ಮೇಲೆ ಅವನೇ ಅಕ್ಕನನ್ನು ದಾಟಿಸಿದ. ಅಕ್ಕತಂಗಿಯರು ಕೋಲುಗಳನ್ನು ಜೋಡಿಸಿ ನೋಡಿದರು. ಅಕ್ಕನ ಕೋಲು ಕೂದಲೆಳೆಯಷ್ಟು ಗಿಡ್ಡ. ತಂಗಿಯ ಕೋಲು ಮೂವತ್ತು ಸಲ ಸರಿಯಾಗಿ ಹಿಡಿಸಿದ ಹಗ್ಗದಲ್ಲಿ ಅಕ್ಕನಿಗೆ ಚೂರು ಮಿಕ್ಕಿತ್ತು. ಆ ಚೂರಿಗೆ ಅವಳು ಒಂದು ಗೂಡು ಕೂಡಿಸಿದ್ದಳು. ಹಿಂದಿನ ವರ್ಷಗಳಲ್ಲಿ ಇಬ್ಬರಿಗೂ ಹಗ್ಗ ಮಿಗುತ್ತಿದ್ದುದರಿಂದ ಈ ವ್ಯತ್ಯಾಸ ಕಂಡಿರಲಿಲ್ಲ.

"ಅಕ್ಕಸಾಲಿಗನಿಗೆ ಹೇಳಿ ಹಿತ್ತಾಳೆಯ ಕೋಲು ಮಾಡಿಸೋಣ. ಅವನ ಕೈ ಇನ್ನೂ ನಿಖರ," ಎಂದಳು ಅಕ್ಕ.

"ಮಾಡಿಸಿ ಅಮ್ಮಾ," ಎಂದ ದೋಣಿಗಾರ. "ನನಗೆ ಇನ್ನೊಂದು ಕಾಲಿದೆಯಲ್ಲ."

ತಂಗಿ ಎರಡು ಕೋಲುಗಳನ್ನೂ ಒಲೆಗೆ ಹಾಕಿದಳು. ದಡದಿಂದ ಹರಳುಕಲ್ಲು ತಂದು ಗಂಟಿಗೆ ಹತ್ತರಂತೆ ಗುಡ್ಡೆ ಹಾಕಿದಳು. ಗೂಡಿಗೆ ಏಳರಂತೆ ಹಂಚಿದಳು. ಮೂವತ್ತು ಗೂಡಿಗೆ ಸರಿಹೋಯಿತು, ಒಂದು ಕಲ್ಲೂ ಮಿಗಲಿಲ್ಲ. ಅಕ್ಕ ಅದೇ ಕಲ್ಲುಗಳನ್ನು ಮತ್ತೆ ಗುಡ್ಡೆ ಹಾಕಿ ತಾನೂ ಹಂಚಿ ನೋಡಿದಳು. ಅಂದಿನಿಂದ ಎರಡೂ ದಡಗಳಲ್ಲಿ ಕಲ್ಲಿನದೇ ಲೆಕ್ಕ.

ಗುರುಗಳು ನಿಲ್ಲಿಸಿದರು.

"ಹಾಗಾದರೆ ತಂಗಿಯ ಕೋಲು ಸರಿಯಾಗಿತ್ತು, ಅಕ್ಕನದು ತಪ್ಪು," ಎಂದ ಶಿಷ್ಯ.

"ಇಬ್ಬರ ಕೋಲೂ ಮೂವತ್ತೊಂದು ಎಂದಿದ್ದರೆ ದೋಣಿಗಾರನ ಕಾಲು ಉಳಿಯುತ್ತಿತ್ತು," ಎಂದರು ಗುರುಗಳು.