ಮೀಸೆ ಇರಲೋ, ಬೋಳಿಸಲೋ?

ಹರಳಗಿರಿಯ ದೊರೆ ಕೆಂಗಣ್ಣನಾಯಕರು ತುಂಬಿದ ಸಭೆಯಲ್ಲಿ ಮೀಸೆ ತಿರುವಿ ಗುಡುಗಿದರು. "ಪ್ರಜೆಗಳನ್ನು ಒಮ್ಮೆ ಕೇಳಿದ್ದಾಯಿತು, ಅವರು ಹೇಳಿದ್ದೂ ಆಯಿತು. ಇನ್ನೊಮ್ಮೆ ಕೇಳಿ ಎಂದವನ ತಲೆ ಬೋಳಿಸಿ ಸುಣ್ಣದ ಬೊಟ್ಟು ಇಡಿಸುತ್ತೇನೆ!"

ಸಂಗತಿ ಇಷ್ಟು. ಹರಳಗಿರಿಯೂ ಸುತ್ತಲಿನ ಆರು ಪಾಳೆಯಪಟ್ಟುಗಳೂ ಸೇರಿ 'ಏಳೂರ ಕೂಟ' ಕಟ್ಟಿಕೊಂಡಿದ್ದವು. ಒಂದೂರಿನ ಗಾಡಿ ಇನ್ನೊಂದೂರಿಗೆ ಸುಂಕವಿಲ್ಲದೆ ಹೋಗಿಬರುತ್ತಿತ್ತು. ದಳವಾಯಿ ದುಗ್ಗಣ್ಣನಿಗೆ ಇದು ಸರಿಬರಲಿಲ್ಲ.

"ಇನ್ನೊಬ್ಬರ ಮಾತು ನಾವೇಕೆ ಕೇಳಬೇಕು? ಕೂಟ ಬಿಟ್ಟು ನೋಡಿ, ಮನೆಗೊಂದು ಹಾಲು ಕರೆಯುವ ಎಮ್ಮೆ ಕೊಡಿಸುತ್ತೇನೆ" ಎಂದು ಕೇರಿಕೇರಿಯಲ್ಲಿ ಸಾರಿದ.

ಸರಿ, ದೊರೆಗಳು ಕೋಟೆ ಬಾಗಿಲಲ್ಲಿ ಎರಡು ಗುಡಾಣ ಇಡಿಸಿದರು. ಬಿಡೋಣ ಎನ್ನುವವರು ಕೆಂಪು ಗುಡಾಣಕ್ಕೆ, ಇರೋಣ ಎನ್ನುವವರು ಕರಿ ಗುಡಾಣಕ್ಕೆ ಒಂದೊಂದು ಹುಣಸೆ ಬೀಜ ಹಾಕಬೇಕು. ಎಣಿಸಿದಾಗ ಕೆಂಪು ಗುಡಾಣದಲ್ಲಿ ಒಂದು ಹಿಡಿ ಬೀಜ ಹೆಚ್ಚಿಗೆ ಬಿದ್ದಿದ್ದವು.

ಬಿಡುವುದೇನೋ ಸರಿ, ಬಿಡುವುದು ಹೇಗೆ ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಉಪ್ಪಿನ ಗಾಡಿ ಗಡಿಯಲ್ಲೇ ನಿಂತಿತು. ಎಮ್ಮೆಯ ಬಾಲವೂ ಕಾಣಲಿಲ್ಲ. ಅರ್ಧ ಊರು "ಇನ್ನೊಮ್ಮೆ ಕೇಳಿ" ಎಂದು ಕೂಗಿದರೆ, ಉಳಿದರ್ಧ "ಹೇಳಿದ್ದು ಹೇಳಿದ್ದೇ" ಎಂದು ಕೂಗಿತು. ಗಂಡ ಜಗುಲಿಯಲ್ಲಿ ಉಂಡರೆ ಹೆಂಡತಿ ಹಿತ್ತಲಲ್ಲಿ ಉಂಡಳು. ಕ್ಷೌರದ ಮುದ್ದಣ್ಣನಂತೂ "ನೀವು ಯಾವ ಪಕ್ಷ?" ಎಂದು ಕೇಳದೆ ಕತ್ತಿ ಎತ್ತುತ್ತಿರಲಿಲ್ಲ. ಬೇರೆ ಪಕ್ಷದವರಾದರೆ ಅರ್ಧ ಕೆನ್ನೆ ಬೋಳಿಸಿ ಎಬ್ಬಿಸಿ ಕಳಿಸುತ್ತಿದ್ದ.

ಗುಡುಗಿ ಮುಗಿಸಿದ ದೊರೆಗಳು ಆಸ್ಥಾನದ ಚತುರ ಬೊಮ್ಮರಸನತ್ತ ತಿರುಗಿದರು. "ಈ ಜಗಳ ನಿಲ್ಲಿಸು. ಇಲ್ಲವಾದರೆ ಆಸ್ಥಾನ ಬಿಟ್ಟು ನಡೆ."

"ಅಪ್ಪಣೆ, ಪ್ರಭು. ಜಗಳವಾಡುವವರೆಲ್ಲ ಒಪ್ಪುವಂಥ ಒಂದು ಪ್ರಶ್ನೆ ಕೇಳೋಣ. ಒಮ್ಮೆ ಒಟ್ಟಿಗೆ 'ಹೂಂ' ಎಂದರೆ ಮನಸ್ಸು ತಣ್ಣಗಾಗುತ್ತದೆ."

"ಎಲ್ಲರೂ ಒಪ್ಪುವಂಥದ್ದು ಈ ಊರಲ್ಲಿ ಏನಿದೆಯಯ್ಯಾ?"

"ತಮ್ಮ ಮೀಸೆ ಇದೆಯಲ್ಲ!"

ದೊರೆಗಳ ಮುಖ ಅರಳಿತು. ಆ ಮೀಸೆ ಅಂತಿಂಥದ್ದಲ್ಲ. ಕಿವಿಯ ತನಕ ಹೋಗಿ, ಅಲ್ಲಿ ಒಂದು ಸುತ್ತು ಹಾಕಿ, ಮರಳಿ ಕೆನ್ನೆಗೆ ಬರುತ್ತಿತ್ತು. ಮಲಗುವಾಗ ಅದಕ್ಕೇ ಬೇರೆ ದಿಂಬು.

"ಮೀಸೆ ಇರಲೋ, ಬೋಳಿಸಲೋ ಎಂದು ಕೇಳೋಣ. ಒಮ್ಮೆ ಹೇಳಿದ್ದೇ ಕೊನೆ ಎಂದೂ ಡಂಗುರ ಹೊಡೆಸಲೇ?"

"ಹೊಡೆಸು, ಹೊಡೆಸು! ಬೋಳಿಸಿ ಎನ್ನುವ ಗಂಡು ಹರಳಗಿರಿಯಲ್ಲಿ ಇನ್ನೂ ಹುಟ್ಟಿಲ್ಲ."

ಮತ್ತೆ ಗುಡಾಣ ಇಟ್ಟರು, ಮತ್ತೆ ಬೀಜ ಬಿದ್ದವು. ಎಣಿಸಿ ಬಂದ ದಳವಾಯಿ ಬಾಗಿಲ ಬಳಿಯೇ ನಿಂತ.

"ಪ್ರಭು... ಬೋಳಿಸಿ ಎನ್ನುವ ಗುಡಾಣದಲ್ಲಿ... ಒಂದು ಹಿಡಿ ಹೆಚ್ಚಿದೆ."

ದೊರೆಗಳು ಸಿಂಹಾಸನದಲ್ಲಿ ಕುಸಿದರು. ಅಷ್ಟರಲ್ಲಿ ಮುದ್ದಣ್ಣ ಬಟ್ಟಲು ಹಿಡಿದು ಬಂದೇಬಿಟ್ಟ. "ನೀರು ಹದವಾಗಿದೆ, ಪ್ರಭು. ತಾವು ಯಾವ ಪಕ್ಷ?"

"ಜನಕ್ಕೆ ಪ್ರಶ್ನೆಯೇ ಅರ್ಥವಾಗಿಲ್ಲ!" ಎಂದು ದೊರೆಗಳು ಕಿರುಚಿದರು.

"ಹಾಗೆನ್ನುವುದು ಪ್ರಜೆಗಳಿಗೆ ಅವಮಾನವಂತೆ, ಪ್ರಭು. ಕೂಟದ ಸಲ ದಳವಾಯಿಗಳೇ ಹೇಳಿದ್ದರು" ಎಂದ ಬೊಮ್ಮರಸ.

"ಒಂದು ಹಿಡಿ ಬೀಜಕ್ಕೆ ಇಷ್ಟು ದೊಡ್ಡ ಮೀಸೆ ಹೋಗಬೇಕೇ?"

"ಒಂದು ಹಿಡಿಗೇ ಏಳೂರ ಕೂಟ ಹೋಯಿತಲ್ಲ, ಪ್ರಭು."

"ಎಷ್ಟೋ ಜನ ತಮಾಷೆಗೆ ಹಾಕಿರುತ್ತಾರೆ. ಈಗ ಮರುಗುತ್ತಿರುತ್ತಾರೆ!"

ಹೊರಗೆ ನಿಜಕ್ಕೂ ಮರುಗುತ್ತಿದ್ದರು. "ಹೇಗೂ ಎಲ್ರೂ ಇರಲಿ ಅಂತ ಹಾಕ್ತಾರೆ, ನಂದೊಂದು ಈ ಕಡೆ ಬೀಳಲಿ ಅಂದ್ಕೊಂಡೆ ಕಣ್ರೇ" ಎಂದು ಗಾಣದ ಮಾಚವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಸುತ್ತ ನಿಂತವರೂ ಹಾಗೇ ಅಂದುಕೊಂಡವರೇ.

ಮುದ್ದಣ್ಣ ಎಡಗಡೆಯ ಮೀಸೆಗೆ ನೀರು ಚಿಮುಕಿಸಿ ಕತ್ತಿ ಎತ್ತಿದ.

"ನಿಲ್ಲಿಸೋ!" ದೊರೆಗಳು ಎದ್ದು ನಿಂತರು. "ಬೊಮ್ಮರಸ, ಇನ್ನೊಮ್ಮೆ ಕೇಳು!"

ಬೊಮ್ಮರಸ ಮೆಲ್ಲಗೆ ಕೆಮ್ಮಿದ. "ಹಾಗೆಂದವರ ತಲೆ ಬೋಳಿಸಿ ಸುಣ್ಣದ ಬೊಟ್ಟು..."

"ಹಾಗಾದರೆ ತಲೆಯನ್ನೂ ಸೇರಿಸಿಯೇ ಮುಗಿಸಿಬಿಡಲೇ?" ಎಂದು ಮುದ್ದಣ್ಣ ವಿನಯದಿಂದ ಕೇಳಿದ.

"ಆ ಆಜ್ಞೆ ರದ್ದು!"

"ಮೀಸೆಗೆ ಮಾತ್ರವೋ ಪ್ರಭು, ಕೂಟಕ್ಕೂ ಸೇರಿಯೋ?" ಎಂದ ಬೊಮ್ಮರಸ.

ದೊರೆಗಳು ಬೊಮ್ಮರಸನನ್ನು ನೋಡಿದರು. ಮೂಗಿನ ಕೆಳಗೇ ಹೊಳೆಯುತ್ತಿದ್ದ ಕತ್ತಿಯನ್ನು ನೋಡಿದರು. "ಎರಡಕ್ಕೂ!"

ಈ ಸಲ ಬೀಜ ಹಾಕುವ ಮೊದಲು ಬೊಮ್ಮರಸ ದಳವಾಯಿಯನ್ನು ಕೋಟೆ ಬಾಗಿಲಲ್ಲಿ ನಿಲ್ಲಿಸಿದ. ಯಾರು ಏನು ಕೇಳಿದರೂ ಅವನು ಉತ್ತರ ಕೊಡಬೇಕು. "ಎಮ್ಮೆ ಎಲ್ಲಿ?" ಎಂದು ಕೇಳಿದವರಿಗೆಲ್ಲ ದುಗ್ಗಣ್ಣ "ದಾರಿಯಲ್ಲಿವೆ" ಎಂದ. "ಯಾವ ದಾರಿ?" ಎಂದು ಮಾಚವ್ವ ಕೇಳಿದಳು. ದುಗ್ಗಣ್ಣ ಪೇಟ ಸರಿಪಡಿಸಿಕೊಂಡು "ಮುಂದಿನವರು ಬನ್ನಿ" ಎಂದ.

ಮೀಸೆ ಉಳಿಯಿತು. ಕೂಟವೂ ಉಳಿಯಿತು, ಆದರೆ ಅದು ಮೂರೇ ಹಿಡಿ ಬೀಜದ ಅಂತರದಲ್ಲಿ. ಉಪ್ಪಿನ ಗಾಡಿ ಒಳಗೆ ಬಂತು. ಗಂಡಹೆಂಡಿರು ಒಟ್ಟಿಗೆ ಕೂತು ಉಂಡರು. ಮಾತು ಮಾತ್ರ ಇನ್ನೂ ಶುರುವಾಗಿರಲಿಲ್ಲ.

ಸಂಜೆ ದೊರೆಗಳು ಮೀಸೆ ಸವರುತ್ತ ಕೇಳಿದರು. "ಆದರೂ ಬೊಮ್ಮರಸ, ನನ್ನ ಜನ ಮೊದಲ ಸಲ ಹಾಗೇಕೆ ಮಾಡಿದರು?"

"ಮೀಸೆ ಬೋಳಿಸಿದರೆ ಅದಕ್ಕೆ ತಿಕ್ಕುವ ತುಪ್ಪ ಉಳಿಯುತ್ತದೆ, ಅದನ್ನು ಮನೆಗೊಂದು ಗಡಿಗೆ ಹಂಚುತ್ತಾರಂತೆ ಎಂದು ಯಾರೋ ಗಾಳಿಸುದ್ದಿ ಹಬ್ಬಿಸಿದ್ದರು, ಪ್ರಭು."

"ಯಾರವನು?"

"ತಮ್ಮೆದುರಿಗೇ ನಿಂತಿದ್ದಾನೆ."

ದೊರೆಗಳು ಕಣ್ಣು ಕೆಕ್ಕರಿಸಿದರು. ಆಮೇಲೆ ತುಟಿ ಅದುರಿತು. ಆಮೇಲೆ ನಕ್ಕರು ನೋಡಿ, ಕಿವಿಗೆ ಸುತ್ತಿದ್ದ ಮೀಸೆ ಬಿಚ್ಚಿ ಎದೆಗೆ ಬಿತ್ತು.

"ಎಲವೋ! ಇದಕ್ಕೆ ನಿನಗೆ ಬಹುಮಾನ ಕೊಡಲೋ, ಶಿಕ್ಷೆ ಕೊಡಲೋ? ನೀನೇ ಹೇಳು."

ಬೊಮ್ಮರಸ ಕೈಮುಗಿದ. "ಪ್ರಜೆಗಳನ್ನೇ ಕೇಳಿಬಿಡಿ, ಪ್ರಭು. ಬಹುಮಾನ ಎಂದರೆ ಅದೇ ಕೊನೆಯ ಮಾತು. ಶಿಕ್ಷೆ ಎಂದರೆ ಮಾತ್ರ, ಇನ್ನೊಮ್ಮೆ ಕೇಳಿ."