ರೊಟ್ಟಿ ಬಡಿಯುವವಳ ದಣಿವು

"ನಾನು ಕಾಯಿಲೆಯವನೋ ಸೋಮಾರಿಯೋ, ಅದನ್ನು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನ ಹೆಸರು ಗುರುಪಾದಯ್ಯ. ಮಠದ ಪಾಠಶಾಲೆಯಲ್ಲಿ ಮಕ್ಕಳಿಗೆ ವಚನ ಹೇಳಿಕೊಡುತ್ತಿದ್ದ. ಅವನಿಗೆ ಕೊರೊನಾ ಬಂದು ಹೋಗಿ ಬಹಳ ತಿಂಗಳು ಕಳೆದಿದ್ದವು. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ, ಎದೆಯ ಎಕ್ಸ್‌ರೇಯಲ್ಲಿ ಯಾವ ದೋಷವೂ ಕಂಡಿರಲಿಲ್ಲ. ಆದರೂ ಒಂದು ದಿನ ಪೂರ್ತಿ ಪಾಠ ಹೇಳಿದರೆ ಆಮೇಲೆ ಚಾಪೆಯಿಂದ ಏಳಲು ಆಗುತ್ತಿರಲಿಲ್ಲ. ಬಾಲ್ಯದಿಂದ ಬಾಯಲ್ಲಿದ್ದ ಸಾಲುಗಳು ನಡುವೆಯೇ ಕೈಕೊಡುತ್ತಿದ್ದವು. ಜೊತೆಯವರು ಮುಖದ ಮೇಲೆ ಏನೂ ಅನ್ನುತ್ತಿರಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು.

"ಒಂದೊಂದು ದಿನ ಚೆನ್ನಾಗಿಯೇ ಇರುತ್ತೇನೆ, ಅಜ್ಜಾರೇ. ಆಗ ಹಿಂದಿನದೆಲ್ಲ ನಾನೇ ಕಟ್ಟಿಕೊಂಡ ನಾಟಕ ಅನಿಸುತ್ತದೆ" ಎಂದ.

ಮಠದ ಹಿರಿಯ ಸ್ವಾಮಿಗಳನ್ನು ಊರೆಲ್ಲ ಅಜ್ಜಾರು ಎಂದೇ ಕರೆಯುತ್ತಿತ್ತು. ಅವರು ಶಿಷ್ಯನಿಗೆ ಗೋಡೆಗೆ ಒರಗಿ ಕೂರಲು ಹೇಳಿದರು. ಬಳಿಕ ಈ ಕತೆ ಹೇಳಿದರು.

ಒಂದು ಊರಿನ ಬಸ್ ನಿಲ್ದಾಣದ ಹಿಂದೆ ಒಂದು ಖಾನಾವಳಿ ಇತ್ತು. ಅಣ್ಣತಮ್ಮಂದಿರಿಬ್ಬರು ಊಟ ಬಡಿಸುತ್ತಿದ್ದರು. ಅವರ ಹೆಂಡಂದಿರು ಒಲೆ ನೋಡಿಕೊಳ್ಳುತ್ತಿದ್ದರು. ಹಿರಿಯವಳು ನಿಂಬೆವ್ವ. ಕಿರಿಯವಳು ಅವಳ ನೆಗೆಣ್ಣಿ ಕಸ್ತೂರೆವ್ವ. ಜೋಳದ ರೊಟ್ಟಿ ಬಡಿಯುವುದರಲ್ಲಿ ನಿಂಬೆವ್ವನ ಕೈ ಬಲು ಚುರುಕು. ಅವಳ ರೊಟ್ಟಿಗಾಗಿಯೇ ಜನ ಬಸ್ಸು ತಪ್ಪಿಸಿಕೊಂಡು ಕೂರುತ್ತಿದ್ದರು.

ಕೊರೊನಾ ಆ ಮನೆಯಲ್ಲಿ ಎಲ್ಲರಿಗೂ ಬಂತು. ಎಲ್ಲರೂ ಗುಣವಾದರು. ನಿಂಬೆವ್ವನೂ ಎದ್ದು ಒಲೆಯ ಮುಂದೆ ಕೂತಳು. ಒಂದು ದಿನ ಹಂಚಿನ ಮೇಲೆ ರೊಟ್ಟಿ ಸುಟ್ಟು ಕರಕಲಾಯಿತು. ಹೊಗೆ ಊಟಕ್ಕೆ ಕೂತವರ ತನಕ ಹೋಯಿತು. ಪಕ್ಕದಲ್ಲೇ ಇದ್ದ ಅವಳಿಗೆ ವಾಸನೆ ತಿಳಿಯಲಿಲ್ಲ. ಆಮೇಲೆ ಹಿಟ್ಟು ನಾದುತ್ತಿದ್ದ ಕೈ ತಾನಾಗಿ ನಿಲ್ಲತೊಡಗಿತು. ಬಿಸಿನೀರು ಹಾಕಿದ್ದೆನೋ ಇಲ್ಲವೋ ಎಂದು ಯೋಚಿಸುತ್ತ ಕೂರುತ್ತಿದ್ದಳು. ಒಂದು ಕೊಡ ನೀರು ತಂದರೆ ಗುಡ್ಡ ಹತ್ತಿದವಳಂತೆ ಎದೆ ಬಡಿದುಕೊಳ್ಳುತ್ತಿತ್ತು.

ಮೊದಲು ಎಲ್ಲರೂ ನಿಶ್ಶಕ್ತಿ ಎಂದರು. ಹಾಲು ಕೊಟ್ಟರು, ಅಂಟಿನ ಉಂಡೆ ಕಟ್ಟಿಕೊಟ್ಟರು. ಊರಿನ ಡಾಕ್ಟರು ಪರೀಕ್ಷೆ ಮಾಡಿಸಿ ಏನೂ ತೊಂದರೆಯಿಲ್ಲ ಎಂದರು. ಮನೆಯವರಿಗೆ ಸಮಾಧಾನವಾಯಿತು. ನಿಂಬೆವ್ವನಿಗೆ ಮಾತ್ರ ದಿಗಿಲಾಯಿತು. ತೊಂದರೆಯೇ ಇಲ್ಲದಿದ್ದರೆ ತನಗೆ ಆಗುತ್ತಿರುವುದು ಏನು ಎಂದು ಅವಳಿಗೆ ತಿಳಿಯಲಿಲ್ಲ.

ಕಸ್ತೂರೆವ್ವ ಇಬ್ಬರ ಕೆಲಸ ಒಬ್ಬಳೇ ಮಾಡತೊಡಗಿದಳು. ಅವಳ ಮಣಿಕಟ್ಟು ಊದಿಕೊಂಡಿತು. ಅದಕ್ಕೆ ಬಟ್ಟೆ ಸುತ್ತಿಕೊಂಡು ಬಡಿಯುತ್ತಿದ್ದಳು. ನಿಂಬೆವ್ವ ಒಳಕೋಣೆಯಲ್ಲಿ ಮಲಗಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದ್ದಳು. ನಾಚಿಕೆಯಿಂದ ಗೋಡೆಯ ಕಡೆ ಹೊರಳುತ್ತಿದ್ದಳು.

ಒಂದು ಮುಂಜಾನೆ ಅವಳ ಮೈ ಹಗುರವಾಗಿತ್ತು. ಆ ದಿನ ಒಂದು ಮನೆಯ ಸೀಮಂತಕ್ಕೆ ರೊಟ್ಟಿ ಕೊಡಬೇಕಿತ್ತು. ಇವತ್ತು ಎಲ್ಲರಿಗೂ ತೋರಿಸಿಬಿಡುತ್ತೇನೆ ಎಂದು ನಿಂಬೆವ್ವ ಒಲೆಯ ಮುಂದೆ ಕೂತಳು. ದೀಪ ಹಚ್ಚುವ ಹೊತ್ತಿನವರೆಗೆ ಏಳಲಿಲ್ಲ. ಅದು ಅವಳ ಹಳೆಯ ಕೈಯೇ ಆಗಿತ್ತು. ಬಹಳ ದಿನಗಳ ಮೇಲೆ ನೆಗೆಣ್ಣಿಯರಿಬ್ಬರೂ ನಗುತ್ತ ಒಂದೇ ತಟ್ಟೆಯಲ್ಲಿ ಉಂಡರು. ಕಾಯಿಲೆ ಹೋಯಿತು ಎಂದುಕೊಂಡು ನಿಂಬೆವ್ವ ಮಲಗಿದಳು.

ಮರುದಿನವೂ ಚೆನ್ನಾಗಿದ್ದಳು. ಅದರ ಮರುದಿನ ತಲೆ ಬಾಚಿಕೊಳ್ಳಲು ಕೈ ಮೇಲೇಳಲಿಲ್ಲ. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚಿತು. ಗಂಡ ಆಡಿದ ಮಾತು ಕಿವಿಗೆ ಬಿದ್ದರೂ ಅರ್ಥವಾಗಲು ತಡವಾಯಿತು.

ಕಸ್ತೂರೆವ್ವ ಬಂದು ಬಾಗಿಲಲ್ಲಿ ನಿಂತಳು.

"ಮೊನ್ನೆ ದಿನಪೂರ್ತಿ ಕೂತು ರೊಟ್ಟಿ ಬಡಿದಿ. ಇವತ್ತು ತಲಿ ಬಾಚ್ಕೊಳ್ಳಾಕೂ ಆಗೂದಿಲ್ಲಂತಿ. ಇದರಾಗ ಯಾವುದು ಸುಳ್ಳು ಅಕ್ಕಾ? ಮೊನ್ನೇದೋ, ಇವತ್ತಿಂದೋ?"

"ನನಗೂ ಗೊತ್ತಾಗವಲ್ದು, ಕಸ್ತೂರಿ."

ಕಸ್ತೂರೆವ್ವ ಹಿಂದಿರುಗಿದಳು. ಆ ದಿನ ರೊಟ್ಟಿ ಬಡಿಯುವ ಸಪ್ಪಳ ಬಹಳ ಜೋರಾಗಿತ್ತು.

ಮುಂದೆಯೂ ಹೀಗೇ ಆಯಿತು. ನಿಂಬೆವ್ವ ಕೆಲವು ದಿನ ಮಲಗುತ್ತಿದ್ದಳು. ತುಸು ಚೇತರಿಸಿಕೊಂಡರೆ ನಾಚಿಕೆಗೆ ಎದ್ದು ದುಡಿಯುತ್ತಿದ್ದಳು. ಮತ್ತೆ ಬೀಳುತ್ತಿದ್ದಳು. ಪ್ರತಿ ಸಲ ಏಳುವುದು ಇನ್ನಷ್ಟು ತಡವಾಗುತ್ತಿತ್ತು. ಮಲಗಿಯೇ ಇದ್ದರೆ ಮೈ ಜಡವಾಗುತ್ತದೆ, ನಡೆದಾಡು ಎಂದು ತವರಿನವರು ಹೇಳಿದರು. ಕೆರೆಯ ತನಕ ನಡೆದಳು. ಅಲ್ಲಿಂದ ಆಟೋದಲ್ಲಿ ಕರೆತರಬೇಕಾಯಿತು. ಕಷಾಯ ಕುಡಿ ಎಂದರೆ ಕುಡಿದಳು. ಹರಕೆ ಹೊರು ಎಂದರೆ ಹೊತ್ತಳು. ಒಂದು ದಿನ ಹಗುರವೆನಿಸಿದರೆ ಯಾವುದರಿಂದ ಹಗುರವಾಯಿತು ಎಂದು ತಿಳಿಯುತ್ತಿರಲಿಲ್ಲ. ಮರುದಿನ ಬಿದ್ದರೆ ಯಾವುದರಿಂದ ಬಿದ್ದೆ ಎಂದೂ ತಿಳಿಯುತ್ತಿರಲಿಲ್ಲ.

ಕೊನೆಗೆ ಗಂಡ ಅವಳನ್ನು ಜಿಲ್ಲಾ ಕೇಂದ್ರದ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದ. ತಾನೂ ಬರುತ್ತೇನೆಂದು ಕಸ್ತೂರೆವ್ವ ಹೊರಟಳು. ನಿಜವೇನೆಂದು ತನ್ನ ಕಿವಿಯಿಂದಲೇ ಕೇಳಬೇಕೆಂಬುದು ಅವಳ ಮನಸ್ಸಿನಲ್ಲಿತ್ತು.

ಡಾಕ್ಟರು ನಿಂಬೆವ್ವನ ಮಾತನ್ನು ನಡುವೆ ತಡೆಯದೆ ಕೇಳಿದರು. ಕೊರೊನಾ ಬಂದುಹೋದ ಮೇಲೆ ಕೆಲವರಲ್ಲಿ ಇದು ಉಳಿದುಕೊಳ್ಳುತ್ತದೆ ಎಂದರು. ಇದು ಸೋಗಲ್ಲ, ಆದರೆ ಮಾಮೂಲಿ ಪರೀಕ್ಷೆಗಳಲ್ಲಿ ಕಾಣದಿರಬಹುದು ಎಂದರು. ನಿದ್ದೆಗೆ, ಎದೆಬಡಿತಕ್ಕೆ ಮಾತ್ರೆ ಬರೆದರು. ಇಡೀ ಕಾಯಿಲೆಯನ್ನು ಕಳೆಯುವ ಮಾತ್ರೆ ತಮ್ಮಲ್ಲಿ ಇಲ್ಲವೆಂದು ಒಪ್ಪಿಕೊಂಡರು. ದಣಿದ ಮೇಲೆ ನಿಲ್ಲಿಸುವುದಲ್ಲ, ದಣಿಯುವ ಮೊದಲೇ ನಿಲ್ಲಿಸಬೇಕು ಎಂದರು. ಚೆನ್ನಾಗಿರುವ ದಿನವೇ ಹೆಚ್ಚು ಎಚ್ಚರ ಬೇಕು ಎಂದರು.

"ದಣಿವೇ ಆಗಿಲ್ಲಂದ್ರ, ನಿಲ್ಲಿಸೂ ಹೊತ್ತು ಬಂತು ಅಂತ ಆಕಿಗೆ ಹೆಂಗ ಗೊತ್ತಾಗಬೇಕ್ರೀ?" ಎಂದು ಕಸ್ತೂರೆವ್ವ ಕೇಳಿದಳು.

"ಮೊದಮೊದಲು ಅವರಿಗೆ ಗೊತ್ತಾಗುವುದಿಲ್ಲ. ಜೊತೆಗಿರುವವರು ನೋಡಿಕೊಳ್ಳಬೇಕು" ಎಂದರು ಡಾಕ್ಟರು.

ಬಸ್ಸಿನಲ್ಲಿ ನೆಗೆಣ್ಣಿಯರು ಅಕ್ಕಪಕ್ಕ ಕೂತು ಊರಿಗೆ ಮರಳಿದರು. ಕೇಳಿದ್ದು ಇಬ್ಬರಿಗೂ ಪೂರ್ತಿ ಅರ್ಥವಾಗಿರಲಿಲ್ಲ.

ಕೆಲವು ದಿನಗಳ ಮೇಲೆ ನಿಂಬೆವ್ವ ಒಲೆಯ ಮುಂದೆ ಬಂದು ಕೂತಳು. ಕೈ ಚೆನ್ನಾಗಿ ನಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕಸ್ತೂರೆವ್ವ ಅವಳ ಕೈಯಿಂದ ಹಿಟ್ಟಿನ ಉಂಡೆ ತೆಗೆದುಕೊಂಡು ಒಳಕೋಣೆಗೆ ಕಳಿಸಿದಳು. ನಿಂಬೆವ್ವನಿಗೆ ಸಿಟ್ಟು ಬಂತು. ಸೋತು ಮಲಗುವುದು ಅವಳಿಗೆ ಅಭ್ಯಾಸವಾಗಿತ್ತು. ಗಟ್ಟಿಯಾಗಿರುವಾಗ, ಹಾಡುಹಗಲಿನಲ್ಲಿ, ಊಟದವರ ಮಾತು ಕೇಳುತ್ತ ಮಲಗುವುದು ಅದಕ್ಕಿಂತ ಕಷ್ಟವಾಯಿತು. ಚಾಪೆಯ ಮೇಲೆ ಬಿದ್ದುಕೊಂಡು ಅತ್ತಳು.

ಊಟಕ್ಕೆ ಬಂದವನೊಬ್ಬ ಒಳಗೆ ಇಣುಕಿ, "ಅಕ್ಕಾವ್ರು ಯಾಕ ಈ ಹೊತ್ನ್ಯಾಗ ಮಲಗ್ಯಾರ?" ಎಂದ.

"ನಾನ ಮಲಗಿಸೀನಿ. ನೀವು ಊಟ ಮಾಡ್ರಿ" ಎಂದಳು ಕಸ್ತೂರೆವ್ವ.

ಒಳಗೆ ಅಳು ನಿಂತಿತು.

ಖಾನಾವಳಿಯಲ್ಲಿ ರೊಟ್ಟಿ ಕಡಿಮೆಯಾಯಿತು. ಹೊರಗಿನ ಆರ್ಡರು ತೆಗೆದುಕೊಳ್ಳುವುದನ್ನು ಬಿಟ್ಟರು. ರೊಟ್ಟಿಗೆಂದು ಇನ್ನೊಬ್ಬ ಹೆಂಗಸನ್ನು ಇಟ್ಟುಕೊಂಡರು. ತಿಂಗಳುಗಳು ಕಳೆದಂತೆ ನಿಂಬೆವ್ವ ಬೀಳುವುದು ಅಪರೂಪವಾಯಿತು. ಹಿಟ್ಟಿನ ವಾಸನೆ ಅರ್ಧ ಮರಳಿತು. ಹಳೆಯ ಕೈ ಮರಳಲಿಲ್ಲ. ಎಲ್ಲ ಸರಿಯಾಗಿ ನಡೆದುಕೊಂಡರೂ ಒಮ್ಮೊಮ್ಮೆ ಬೀಳುತ್ತಿದ್ದಳು. ಆಗ ಎಲ್ಲಿ ತಪ್ಪಿದೆವು ಎಂದು ನೆಗೆಣ್ಣಿಯರಿಬ್ಬರೂ ಕೂತು ಯೋಚಿಸುತ್ತಿದ್ದರು. ತಪ್ಪು ಸಿಗುತ್ತಿರಲಿಲ್ಲ. ಕಸ್ತೂರೆವ್ವ ಎದ್ದು ಅವಳ ತಲೆ ಬಾಚುತ್ತಿದ್ದಳು.

ಅಜ್ಜಾರು ಇಲ್ಲಿಗೆ ನಿಲ್ಲಿಸಿದರು.

"ಅವಳಿಗೆ ಪೂರ್ತಿ ಗುಣವಾಯಿತೇ?" ಎಂದು ಗುರುಪಾದಯ್ಯ ಕೇಳಿದ.

"ನನಗೆ ಗೊತ್ತಿಲ್ಲ" ಎಂದರು ಅಜ್ಜಾರು.

ಶಿಷ್ಯ ಗೋಡೆ ಬಿಟ್ಟು ನೆಟ್ಟಗಾದ.

"ತಿಳಿದ ಹಾಗೂ ಇದೆ, ತಿಳಿಯದ ಹಾಗೂ ಇದೆ. ಅದಿರಲಿ ಅಜ್ಜಾರೇ, ಇವತ್ತು ನನಗೆ ಚೂರೂ ದಣಿವಿಲ್ಲ. ಸಂಜೆಯ ಪಾಠ ನಾನೇ ಹೇಳುತ್ತೇನೆ. ಮಕ್ಕಳನ್ನು ಕರೆಯಲೇ?"

ಅಜ್ಜಾರು ಹೇಳಿದರು: "ದಣಿವಿಲ್ಲ ಎಂದೆಯಲ್ಲ, ಹೋಗಿ ಮಲಗು."