ಚಂದ್ರಾಮಪ್ಪನ ನಾಳೆ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬರದ ಕಾಲದಲ್ಲಿ, ಒಂದು ಊರಲ್ಲಿ ಚಂದ್ರಾಮಪ್ಪ ಎಂಬ ಕತೆಗಾರನಿದ್ದನಂತೆ. ಕತೆಗಾರ ಎಂದರೆ ಕೇಳಿದ್ದನ್ನು ಹೇಳುವವನಲ್ಲ, ತಾನೇ ಕಟ್ಟಿ ಹೇಳುವವನು. ವಯಸ್ಸಾಗಿ ದನಿ ಬಿದ್ದುಹೋದಾಗ, ಕತೆ ಕಟ್ಟುವುದನ್ನು ಕಲಿಸಲು ಕುಳಿತನಂತೆ.

ಪಾಠಕ್ಕೆ ಪಡಸಾಲೆ ಬಿಟ್ಟುಕೊಟ್ಟವಳು ಸಾವಂತ್ರವ್ವ ಗೌಡ್ತಿ. ಪುಕ್ಕಟೆ ಅಲ್ಲ. ಶಿಷ್ಯರೆಲ್ಲ ಕತೆ ಕೇಳುತ್ತ ಅವಳ ಬಿತ್ತನೆಯ ಶೇಂಗಾ ಒಡೆಯಬೇಕು. ಸಿಪ್ಪೆ ತೆಗೆದು ಕಾಳು ಬಿಡಿಸಬೇಕು ಅಂತ ಅರ್ಥ. ರೋಹಿಣಿ ಮಳೆ ಬೀಳುವುದರೊಳಗೆ ಮುಗಿಯದಿದ್ದರೆ ಜಾಗ ಖಾಲಿ ಮಾಡಬೇಕು. ಚಂದ್ರಾಮಪ್ಪನಿಗೆ ಬೇರೆ ಜಾಗವಿರಲಿಲ್ಲ, ಬೇರೆ ಕೆಲಸವೂ ಬರುತ್ತಿರಲಿಲ್ಲ.

ಅವನ ಪರೀಕ್ಷೆ ಒಂದೇ ಅಂತೆ. ಶಿಷ್ಯ ಕತೆ ಹೇಳುವಾಗ ಕೇಳುವವರ ಕೈ ನೋಡುತ್ತಿದ್ದ. ಕೈ ನಿಂತರೆ ಕತೆ ಗೆದ್ದ ಹಾಗೆ. ತೊಂದರೆ ಏನೆಂದರೆ, ಕೈ ನಿಂತರೆ ಶೇಂಗಾ ಒಡೆಯುವುದೂ ನಿಲ್ಲುತ್ತಿತ್ತು. ಶಿಷ್ಯರು ಚುರುಕಾದಷ್ಟೂ ಚೀಲಗಳು ಹಾಗೇ ಉಳಿದವು.

"ಹೊಲಕ್ಕ ಕತಿ ಬಿತ್ತಲೇನೋ ಚಂದ್ರಾಮಣ್ಣಾ? ಮೋಡ ನೋಡು!" ಅಂದಳಂತೆ ಗೌಡ್ತಿ.

ಆಗ ಅವನಿಗೆ ಗುರಸಿದ್ದ ನೆನಪಾದ. ಗುರಸಿದ್ದ ಶಿಷ್ಯರಲ್ಲೇ ದಡ್ಡ. ರಾಜನ ಕತೆಯನ್ನು ರಾಜನ ಮುತ್ತಜ್ಜನಿಂದ ಶುರು ಮಾಡುತ್ತಿದ್ದ. ರಾಜ ಹುಟ್ಟುವುದರೊಳಗೆ ಕೇಳುವವರು ಎರಡು ಚೀಲ ಒಡೆದಿರುತ್ತಿದ್ದರು. ಚಂದ್ರಾಮಪ್ಪ ದಿನವೂ ಕತೆ ಹೇಳಲು ಅವನನ್ನೇ ಕೂರಿಸಿದ. ಬೇಸರಕ್ಕೆ ಕೈಗಳು ಪಟಪಟ ಓಡಿದವಂತೆ. ಕೊನೆಗೆ ಒಂದೇ ಚೀಲ ಉಳಿಯಿತು.

ಅವತ್ತು ಗುರಸಿದ್ದನ ಹತ್ತಿರ ರಾಜರು ಮುಗಿದುಹೋಗಿದ್ದರು. ಬಾಯಿಗೆ ಬಂದದ್ದು ತನ್ನದೇ ಸುದ್ದಿ: ಕನ್ಯೆ ನೋಡಲು ಹೋದವನು ಹೆದರಿಕೆಗೆ ಹುಡುಗಿ ಮನೆಯವರ ಬಿತ್ತನೆ ಶೇಂಗಾವನ್ನೇ ಮುಕ್ಕುತ್ತ ಕುಳಿತದ್ದು, ಹುಡುಗಿಯೇ ಬಂದು ಹೆಸರು ಕೇಳಿದಾಗ ಬಾಯಿ ತುಂಬಿ ಮಾತು ಹೊರಡದೆ ಹೋದದ್ದು. ಒಂದು ಕೈ ನಿಂತಿತು. ಎಲ್ಲ ಕೈ ನಿಂತವು. ಹೊರಗೆ ರೋಹಿಣಿಯ ಮೊದಲ ಹನಿ ಬಿತ್ತು.

ಎಲ್ಲರನ್ನೂ ಓಡಿಸಲು ಕೋಲು ಹಿಡಿದು ಬಂದ ಗೌಡ್ತಿ ಬಾಗಿಲಲ್ಲೇ ನಿಂತಳು. "ಆಮ್ಯಾಲೇನಾತೋ?"

"ಆಕಿ ನಕ್ಕಳ್ರೀ ಅವ್ವಾ."

"ಒಪ್ಪಿದಳೋ ಇಲ್ಲೋ?"

ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುವ ಗುರಸಿದ್ದ ಒಮ್ಮೆ ಗುರುವಿನ ಮುಖ ನೋಡಿದ. "ಅದನ್ನ ನಾಳೆ ಹೇಳ್ತೀನ್ರೀ" ಎಂದು ಬಾಯಿ ಮುಚ್ಚಿದ.

ಚಂದ್ರಾಮಪ್ಪ ಮುಖ ತಿರುಗಿಸಿ ಕಣ್ಣೊರೆಸಿಕೊಂಡನಂತೆ. ಗೌಡ್ತಿ ಕೋಲನ್ನು ಗೋಡೆಗೆ ಆನಿಸಿ, ಕೊನೆಯ ಚೀಲದ ಮುಂದೆ ತಾನೇ ಕುಳಿತು, "ಹಂಗಾದ್ರ ನಾಳೆನೂ ಬರ್ರಿ" ಅಂದಳಂತೆ.

ಹುಡುಗಿ ಒಪ್ಪಿದಳೋ ಇಲ್ಲವೋ, ಊರಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಇವತ್ತಿಗೂ ಅಲ್ಲಿ ಬಿತ್ತನೆಯ ಶೇಂಗಾ ಒಡೆಯುವವರು ಕೊನೆಯ ಒಂದು ಹಿಡಿ ಕಾಯಿಯನ್ನು ಒಡೆಯದೆ ಬಿಡುತ್ತಾರೆ. ಯಾಕೆ ಎಂದು ಕೇಳಿದರೆ, "ಅದು ಚಂದ್ರಾಮಪ್ಪನ ನಾಳೆ" ಅನ್ನುತ್ತಾರೆ.